ಮೇಜಿನ ಮೇಲೆ ಹಣ್ಣಿಟ್ಟು ಚಿತ್ರ ಬಿಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಾಶಾಲೆಯಲ್ಲಿ ಓದಿದವಳಲ್ಲ. ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಭಾನುವಾರ ಹಣ್ಣಿಟ್ಟುಕೊಂಡು ಬಿಡಿಸುತ್ತಾ ಬಿಡಿಸುತ್ತಾ ಕಲಿತವಳು. ಈಗ ಅಕ್ಕಪಕ್ಕದ ಮನೆಯವರು, ಅವರ ಮಕ್ಕಳು, ಆಫೀಸಿನ ಒಂದಿಬ್ಬರು ಬಂದು ಕೂರುತ್ತಾರೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸ್ಟಿಲ್ ಲೈಫ್ ಅಂದ್ರೆ ಸ್ಕೂಲಲ್ಲಿ ಬಿಡಿಸ್ತಿದ್ದ ವಸ್ತು ಚಿತ್ರಾನೇನಾ?

ಹೌದು, ಅದೇ. ಡ್ರಾಯಿಂಗ್ ಮೇಷ್ಟ್ರು ಸ್ಟೂಲಿನ ಮೇಲೆ ಒಂದು ಬಿಂದಿಗೆ, ಒಂದು ಲೋಟ, ಎರಡು ಬದನೆಕಾಯಿ ಇಟ್ಟು "ಬಿಡಿಸ್ರಪ್ಪಾ" ಅಂತ ಹೇಳಿ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದರಲ್ಲ, ಅದೇ. ಹೆಸರು ಡಚ್ಚರ ಕಡೆಯಿಂದ ಬಂದದ್ದು, 1600ರ ದಶಕಗಳಲ್ಲಿ ಅಲ್ಲಿ ಇಂಥ ಚಿತ್ರಗಳಿಗೆ ಭಾರಿ ಗಿರಾಕಿ ಇತ್ತು. ಆದರೆ ದೊಡ್ಡವರು ಇದನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1667ರಲ್ಲಿ ಫ್ರಾನ್ಸಿನ ಆಂದ್ರೆ ಫೆಲಿಬಿಯಾನ್ ಅನ್ನುವವರು ಚಿತ್ರಗಳಿಗೆ ಮೇಲು ಕೀಳು ಅಂತ ಒಂದು ಏಣಿ ಮಾಡಿದರು. ಪುರಾಣ, ಇತಿಹಾಸದ ಚಿತ್ರಗಳು ಮೇಲೆ, ಹಣ್ಣು ಹೂವು ತೀರಾ ಕೆಳಗಿನ ಮೆಟ್ಟಿಲಿನಲ್ಲಿ. ನಮಗೇನೂ ಬೇಜಾರಿಲ್ಲ. ಹಣ್ಣು ಕೂಲಿ ಕೇಳಲ್ಲ, "ನನ್ನ ಮೂಗು ಹೀಗಿಲ್ಲ" ಅಂತ ಜಗಳಕ್ಕೂ ಬರಲ್ಲ.

ಸೇಬಿನಿಂದಲೇ ಶುರು ಮಾಡ್ಬೇಕಾ?

ಬೇಡ. ದಯವಿಟ್ಟು ಬೇಡ. ಕೆಂಪು ಬಣ್ಣವನ್ನ ತಿಳಿ ಮಾಡಲು ಬಿಳಿ ಹಾಕಿದರೆ ಗುಲಾಬಿ ಆಗುತ್ತದೆ, ಗಾಢ ಮಾಡಲು ಹೋದರೆ ಕಂದು ಆಗುತ್ತದೆ, ಜೊತೆಗೆ ಅಂಗಡಿಯ ಸೇಬಿಗೆ ಮೇಣದ ಹೊಳಪು ಬೇರೆ ಇರುತ್ತದೆ, ಅದರಲ್ಲಿ ಕಿಟಕಿಯ ಸರಳೆಲ್ಲ ಕಾಣುತ್ತದೆ, ಹೊಸಬರು ಆ ಸರಳು ಬಿಡಿಸೋಕೆ ಕೂತು ಹಣ್ಣನ್ನೇ ಮರೆಯುತ್ತಾರೆ. ಸೀಬೆಯಿಂದ ಶುರು ಮಾಡಿ. ಮೈ ಮಂಕು, ಬಣ್ಣ ಒಂದೇ, ತಿಳಿಯಾದ್ದರಿಂದ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಲ್ಲಿ ಉಬ್ಬು ತಗ್ಗು ಇರುವುದರಿಂದ ನಿಮ್ಮ ಗೆರೆ ಸ್ವಲ್ಪ ಸೊಟ್ಟ ಆದರೂ ಯಾರಿಗೂ ಗೊತ್ತಾಗಲ್ಲ! ಎಲೆ ಅಂಟಿಕೊಂಡಿರುವ ಸೀಬೆ ಸಿಕ್ಕರೆ ಇನ್ನೂ ಒಳ್ಳೆಯದು, ದೇವರಾಜ ಮಾರ್ಕೆಟ್ಟಿನಲ್ಲಿ ಕೇಳಿದರೆ ಆರಿಸಿ ಕೊಡುತ್ತಾರೆ.

ಆಮೇಲೆ ಮೂಸಂಬಿ, ಆಮೇಲೆ ಬಾಳೆ. ಬಾಳೆಹಣ್ಣು ಕೊಳವೆಯ ಹಾಗೆ ದುಂಡಗಿರಲ್ಲ. ಅದಕ್ಕೆ ಉದ್ದಕ್ಕೆ ಏಣುಗಳಿವೆ, ಏಣಿನ ಆ ಕಡೆ ಒಂದು ಬಣ್ಣ, ಈ ಕಡೆ ಒಂದು ಬಣ್ಣ. ಆ ಮುರಿವು ಸರಿಯಾಗಿ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಏಲಕ್ಕಿ ಬಾಳೆಯ ಒಂದು ಸಣ್ಣ ಚಿಪ್ಪು ಸಾಕು. ನಂಜನಗೂಡು ರಸಬಾಳೆ ಸಿಕ್ಕಿದರೆ ಅದನ್ನ ಚಿತ್ರಕ್ಕೆ ಇಡಬೇಡಿ, ಸುಮ್ನೆ ತಿನ್ನಿ.

ಸೇಬು ಅನ್ನೋದು ನಮ್ಮ ತಲೆಗೆ ಬಂದದ್ದೇ ಪಾಲ್ ಸೆಜಾನ್ ಅಂಥವರ ಚಿತ್ರ ನೋಡಿ. ಆದರೆ ಅವರು 1839ರಲ್ಲಿ ದಕ್ಷಿಣ ಫ್ರಾನ್ಸಿನ ಎಕ್ಸ್ ಊರಲ್ಲಿ ಹುಟ್ಟಿ ಬೆಳೆದವರು, ಅಲ್ಲಿ ಮನೆಯಲ್ಲಿ ಇದ್ದದ್ದನ್ನ ಬಿಡಿಸಿದರು. ನಮ್ಮ ಮನೆಯಲ್ಲಿ ಇರುವುದು ಬೇರೆ.

ಆಯಿಲ್, ಅಕ್ರಿಲಿಕ್, ವಾಟರ್ ಕಲರ್, ಇದರಲ್ಲಿ ಯಾವುದು?

ನಾನು ಅಕ್ರಿಲಿಕ್ ಪಕ್ಷ. ನೀರಲ್ಲಿ ಕಲಸಬಹುದು, ವಾಸನೆ ಕಮ್ಮಿ, ತಪ್ಪಾದರೆ ಹದಿನೈದು ನಿಮಿಷ ಬಿಟ್ಟು ಅದರ ಮೇಲೆಯೇ ಹಚ್ಚಬಹುದು. ಕಷ್ಟ ಒಂದೇ, ಬೇಗ ಒಣಗುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂತರೆ ತಟ್ಟೆಯಲ್ಲಿ ಹಿಂಡಿದ ಬಣ್ಣ ನೋಡ್ತಾ ನೋಡ್ತಾ ಪ್ಲಾಸ್ಟಿಕ್ ಆಗಿಬಿಡುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ: ಅಗಲವಾದ ಒಂದು ಹಳೇ ಡಬ್ಬಿ, ಅದರಲ್ಲಿ ಒದ್ದೆ ಬಟ್ಟೆ ಮಡಿಸಿ ಹಾಸಿ, ಮೇಲೆ ಬಟರ್ ಪೇಪರ್. ಬಣ್ಣ ಆ ಪೇಪರ್ ಮೇಲೆ. ಮುಚ್ಚಳ ಹಾಕಿಟ್ಟರೆ ಮಾರನೇ ದಿನಕ್ಕೂ ಹಸಿಯಾಗಿರುತ್ತದೆ. ಇನ್ನೊಂದು, ಅಕ್ರಿಲಿಕ್ ಒಣಗಿದ ಮೇಲೆ ಒಂದು ಚೂರು ಗಾಢ ಆಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ತಿಳಿಯಾಗಿ ಕಲಸಿ.

ವಾಟರ್ ಕಲರ್ ಉಲ್ಟಾ, ಒಣಗಿದ ಮೇಲೆ ಪೇಲವ ಆಗುತ್ತದೆ. ಅದರಲ್ಲಿ ಬಿಳಿ ಜಾಗವನ್ನ ಮೊದಲೇ ಬಿಟ್ಟುಕೊಳ್ಳಬೇಕು. ಕಾಗದ ದಪ್ಪಗೆ, 300 ಜಿಎಸ್‌ಎಂ ಇಲ್ಲದಿದ್ದರೆ ಹಪ್ಪಳದ ಹಾಗೆ ಏಳುತ್ತದೆ. ನೋಡೋಕೆ ಸುಲಭ, ಮಾಡೋಕೆ ಇದೇ ಎಲ್ಲಕ್ಕಿಂತ ಕಷ್ಟ.

ಆಯಿಲ್ ಚೆಂದ, ಇಲ್ಲ ಅನ್ನಲ್ಲ. ಎರಡು ಮೂರು ದಿನ ಹಸಿಯಾಗಿದ್ದು ಬಣ್ಣವನ್ನ ಬಣ್ಣದೊಳಕ್ಕೆ ಮೆತ್ತಗೆ ಸೇರಿಸಲು ಬಿಡುತ್ತದೆ. ಆದರೆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆಗೆ ಕಿಟಕಿ ತೆರೆದಿರಬೇಕು. ಒಂದು ಎಚ್ಚರಿಕೆ, ಇದನ್ನ ತಮಾಷೆ ಅಂದುಕೊಳ್ಳಬೇಡಿ: ಲಿನ್‌ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ, ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲ ನೀರಲ್ಲಿ ನೆನೆಹಾಕಿ.

ಎಷ್ಟು ಟ್ಯೂಬ್ ತಗೋಬೇಕು?

ಆರು. ಟೈಟಾನಿಯಂ ವೈಟ್ (ದೊಡ್ಡದು), ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಅಂಬರ್ (ಗಾಢ ಕಂದು). ಮಾವು ಕಿತ್ತಲೆ ಬಿಡಿಸುವ ಕಾಲಕ್ಕೆ ಒಂದು ಆರೆಂಜ್ ಸೇರಿಸಿಕೊಳ್ಳಿ. ಕಪ್ಪು ಬೇಡ, ಯಾಕೆ ಅಂತ ಕೆಳಗೆ ಹೇಳುತ್ತೇನೆ. 24 ಬಣ್ಣದ ಪೆಟ್ಟಿಗೆ ನೋಡಿ ಆಸೆ ಪಡಬೇಡಿ, ಅದರಲ್ಲಿ ಹದಿನೆಂಟು ನಾವೇ ಕಲಸಿಕೊಳ್ಳಬಹುದಾದ ಬಣ್ಣಗಳು. ಬ್ರಶ್ ಮೂರು ಸಾಕು: ಅರ್ಧ ಇಂಚಿನ ಚಪ್ಪಟೆ, 6ನೇ ನಂಬರಿನ ದುಂಡು, ಮತ್ತೆ ಒಂದು ಹಳೇ ಬ್ರಶ್, ಬಣ್ಣ ಕಲಸಲಿಕ್ಕೆ ಮಾತ್ರ.

ಮೇಜು ಎಲ್ಲಿಡಬೇಕು? ಉತ್ತರದ ಕಿಟಕಿ ಅಂತಾರಲ್ಲ?

ವೀಡಿಯೋಗಳಲ್ಲಿ ಎಲ್ಲರೂ ಹೇಳುತ್ತಾರೆ. ಅದು ಯುರೋಪಿನವರ ಲೆಕ್ಕ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷ ಪೂರ್ತಿ ದಕ್ಷಿಣಕ್ಕೇ ಇರುತ್ತಾನೆ, ಹಾಗಾಗಿ ಉತ್ತರದ ಕಿಟಕಿಯಿಂದ ಬಿಸಿಲು ಬಾರದೆ ಬರೀ ಬೆಳಕು ಬರುತ್ತದೆ, ನೆರಳು ಗಂಟೆಗಟ್ಟಲೆ ಜಾಗ ಬದಲಿಸಲ್ಲ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೇ ವಾರ ಕಳೆದರೆ ಇಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ವಾಪಸ್ ದಕ್ಷಿಣಕ್ಕೆ ಬರುವುದು ಆಗಸ್ಟ್ ಮೂರನೇ ವಾರದ ಹೊತ್ತಿಗೆ. ಅಂದರೆ ಸರಿಯಾಗಿ ಮಾವಿನ ಕಾಲದಲ್ಲಿ ಉತ್ತರದ ಕಿಟಕಿ ನಮಗೆ ಕೈ ಕೊಡುತ್ತದೆ! ಮೊದಮೊದಲು ನನಗೆ ಇದು ಗೊತ್ತಿರಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಉತ್ತರದ ಕಿಟಕಿ ಹತ್ತಿರ ಬಾದಾಮಿ ಮಾವು ಇಟ್ಟು ಕೂತರೆ ಬಿಸಿಲು ಓರೆಯಾಗಿ ಮೇಜಿನ ಮೇಲೇ ಬಿತ್ತು, ಕಾಫಿ ಕುಡಿದು ಬರುವಷ್ಟರಲ್ಲಿ ನೆರಳು ಇನ್ನೊಂದು ಕಡೆ.

ಪರಿಹಾರ ಸುಲಭ. ಕಿಟಕಿಗೆ ತೆಳು ಬಿಳಿ ಪಂಚೆ ಇಳಿಬಿಡಿ. ಬಿಸಿಲು ಚದುರಿ ಮೆತ್ತಗಾಗುತ್ತದೆ. ಆಮೇಲೆ ಯಾವ ದಿಕ್ಕಿನ ಕಿಟಕಿಯಾದರೂ ನಡೆಯುತ್ತದೆ. ಮುಖ್ಯ ಅಂದರೆ ಬೆಳಕು ಒಂದೇ ಕಡೆಯಿಂದ, ಪಕ್ಕದಿಂದ ಬರಬೇಕು. ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕಾದರೆ ಪ್ರತಿ ಹಣ್ಣಿಗೂ ಎರಡು ನೆರಳು ಬೀಳುತ್ತದೆ, ಯಾವುದನ್ನ ನಂಬೋದು?

ರಾತ್ರಿ ಮಾತ್ರ ಬಿಡುವು ಸಿಗುವವರು ಒಂದು ಟೇಬಲ್ ಲ್ಯಾಂಪ್ ಹಾಕಿಕೊಳ್ಳಿ. ಬಲ್ಬ್ ಡಬ್ಬಿಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಜಾಸ್ತಿ ಅಂತ ಇದ್ದರೆ ಬಣ್ಣ ನಿಜಕ್ಕೆ ಹತ್ತಿರ ಕಾಣುತ್ತದೆ.

ಹಣ್ಣನ್ನ ಹೇಗೆ ಜೋಡಿಸೋದು?

ಫೋಟೋ ತೆಗೆಸಿಕೊಳ್ಳುವ ಮದುವೆ ಮನೆಯವರ ಹಾಗೆ ಸಾಲಾಗಿ ನಿಲ್ಲಿಸಬೇಡಿ. ಮೂರು ಹಣ್ಣು ಸಾಕು. ಒಂದು ಇನ್ನೊಂದನ್ನ ಸ್ವಲ್ಪ ಮರೆ ಮಾಡಲಿ. ಎರಡು ಹಣ್ಣಿನ ಅಂಚು ಬರೀ ತಾಗಿಕೊಂಡಿದ್ದರೆ ಯಾವುದು ಮುಂದೆ ಯಾವುದು ಹಿಂದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಒಂದೋ ದೂರ ಸರಿಸಿ, ಇಲ್ಲ ಮರೆ ಮಾಡಿ. ಮೇಜಿನ ಹಿಂದಿನ ಅಂಚು ಚಿತ್ರದ ನಟ್ಟನಡುವೆ ಬಂದರೆ ಚಿತ್ರ ಎರಡು ತುಂಡಾದ ಹಾಗೆ ಕಾಣುತ್ತದೆ. ಸ್ವಲ್ಪ ಮೇಲೆ ಅಥವಾ ಕೆಳಗೆ ತನ್ನಿ. ಜೋಡಿಸಿದ ಮೇಲೆ ಪ್ರತಿ ಹಣ್ಣಿನ ಸುತ್ತ ಚಾಕ್‌ಪೀಸಿನಲ್ಲಿ ಮೇಜಿನ ಮೇಲೆ ಗುರುತು ಹಾಕಿ. ಇದು ಯಾಕೆ ಅಂತ ಮನೆಯಲ್ಲಿ ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ.

ತಟ್ಟೆ ಯಾಕೆ ಪ್ರತಿ ಸಲ ಸೊಟ್ಟ ಬರುತ್ತೆ?

ತಟ್ಟೆ ದುಂಡಗಿದೆ ಅಂತ ನಿಮಗೆ ಗೊತ್ತು, ಅದೇ ತೊಂದರೆ. ಕೂತ ಜಾಗದಿಂದ ಅದು ಕಾಣುವುದು ಮೊಟ್ಟೆಯಾಕಾರದಲ್ಲಿ. ಪೆನ್ಸಿಲನ್ನ ಕೈ ನೀಟಿ ಹಿಡಿದು ಅಗಲ ಎಷ್ಟು, ಎತ್ತರ ಎಷ್ಟು ಅಂತ ಅಳೆಯಿರಿ, ಎತ್ತರ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ ಇರುತ್ತದೆ. ಎರಡು ತುದಿ ಕಡುಬಿನ ಹಾಗೆ ಚೂಪಾಗಬಾರದು. ಬಟ್ಟಲಾದರೆ ಬಾಯಿಗಿಂತ ತಳದ ವೃತ್ತ ಸ್ವಲ್ಪ ಜಾಸ್ತಿ ದುಂಡಗೆ ಕಾಣಬೇಕು, ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆಯಲ್ಲ. ಚಿತ್ರವನ್ನ ತಲೆಕೆಳಗು ಮಾಡಿ ನೋಡಿ, ಸೊಟ್ಟ ಎಲ್ಲಿದೆ ಅಂತ ತಕ್ಷಣ ಕಾಣುತ್ತದೆ.

ನನ್ನ ಹಣ್ಣು ಚಪ್ಪಟೆಯಾಗಿ ಕಾಣುತ್ತೆ. ಶೇಡಿಂಗ್ ಎಲ್ಲಾ ಮಾಡಿದ್ದೀನಿ.

ಎಲ್ಲರದ್ದೂ ಇದೇ ದೂರು. ನೋಡಿದರೆ ಶೇಡಿಂಗ್ ಇರುತ್ತದೆ, ಆದರೆ ಅಂಚಿನ ಸುತ್ತ ಒಂದು ಪಟ್ಟಿಯ ಹಾಗೆ, ಎಲ್ಲ ಕಡೆ ಸಮವಾಗಿ. ಬೆಳಕು ಹಾಗೆ ಬೀಳಲ್ಲ. ಮೊದಲು ಕಣ್ಣು ಕಿರಿದು ಮಾಡಿ, ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟ ವಿವರ ಎಲ್ಲ ಮಾಯವಾಗಿ ಬೆಳಕಿನ ಒಂದು ತುಂಡು, ನೆರಳಿನ ಒಂದು ತುಂಡು ಉಳಿಯುತ್ತದೆ. ಅವೆರಡರ ನಡುವಿನ ಗಡಿ ಎಲ್ಲಿ ಹಾದುಹೋಗುತ್ತದೆ ಅನ್ನುವುದನ್ನ ಮೊದಲು ಬಿಡಿಸಿ. ಆ ಗಡಿ ಹಣ್ಣಿನ ಅಂಚಿನಲ್ಲಿ ಇರಲ್ಲ, ಮೈ ನಡುವೆ ಬಾಗಿಕೊಂಡು ಹೋಗುತ್ತದೆ.

ಇನ್ನು ನೆರಳಿನ ಭಾಗದಲ್ಲಿ ಮೇಜಿನಿಂದ ಪುಟಿದ ಬೆಳಕು ಸ್ವಲ್ಪ ಕಾಣುತ್ತದೆ. ಅದನ್ನ ಒಮ್ಮೆ ಕಂಡುಕೊಂಡವರು ಖುಷಿಗೆ ಬಿಳಿ ಬಳಿದುಬಿಡುತ್ತಾರೆ. ಅದು ಎಷ್ಟೇ ಹೊಳೆದರೂ ಬೆಳಕಿನ ಕಡೆಗಿಂತ ಮಂಕೇ. ಹಣ್ಣು ಮೇಜಿಗೆ ತಾಗುವ ಜಾಗದಲ್ಲಿ ಒಂದು ಸಣ್ಣ ಗಾಢ ಗೆರೆ ಇರುತ್ತದೆ, ಬೆಳಕು ನುಗ್ಗದ ಸಂದಿ ಅದು. ಅದಿಲ್ಲದಿದ್ದರೆ ಹಣ್ಣು ಗಾಳಿಯಲ್ಲಿ ತೇಲುತ್ತದೆ. ಬಿಳಿ ಹೊಳಪಿನ ಚುಕ್ಕೆ ಕಟ್ಟಕಡೆಗೆ, ಒಂದು ಅಥವಾ ಎರಡು.

ಮೈಸೂರಿನಲ್ಲಿರುವವರು ಜಗನ್ಮೋಹನ ಅರಮನೆಗೆ ಹೋಗಿ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ. ಎಷ್ಟೋ ಜನ ಅದನ್ನ ರವಿವರ್ಮನದ್ದು ಅಂದುಕೊಂಡಿದ್ದಾರೆ, ಅಲ್ಲ. ವಾಟರ್ ಕಲರ್ ಅದು. ಹಣ್ಣಿಲ್ಲ ನಿಜ, ಆದರೆ ಒಂದೇ ದೀಪ ಏನೇನು ಮಾಡುತ್ತದೆ ಅಂತ ಅಲ್ಲಿ ಕಾಣುತ್ತದೆ. ಬೆರಳ ಸಂದಿಯಲ್ಲಿ ಕೆಂಪು, ಮುಖದ ಮೇಲೆ ಹೊಂಬಣ್ಣ, ದೂರ ಹೋದಷ್ಟೂ ಕತ್ತಲು. ನಾನು ಮೂರನೇ ಸಲ ಹೋದಾಗ ಮುಖ ನೋಡುವುದು ಬಿಟ್ಟು ಬರೀ ಕೈ ನೋಡುತ್ತಾ ನಿಂತಿದ್ದೆ.

ಹಳದಿ ಹಣ್ಣಿಗೆ ನೆರಳು ಹಾಕಿದ್ರೆ ಪಾಚಿ ಬಣ್ಣ ಆಗುತ್ತೆ, ಯಾಕೆ?

ಕಪ್ಪು ಹಾಕಿದ್ದೀರಿ. ಹಳದಿಗೆ ಕಪ್ಪು ಬೆರೆಸಿದರೆ ಹಸಿರು ಹುಟ್ಟುತ್ತದೆ, ಬೇಕಾದರೆ ಒಂದು ಮೂಲೆಯಲ್ಲಿ ಕಲಸಿ ನೋಡಿ. ಟ್ಯೂಬಿನ ಪಟ್ಟಿಯಲ್ಲಿ ಕಪ್ಪು ಬೇಡ ಅಂದದ್ದು ಇದಕ್ಕೇ. ಬಾಳೆ ಮಾವಿನ ನೆರಳಿಗೆ ಮೊದಲು ಓಕರ್, ಅದಕ್ಕೆ ಒಂದು ಚೂರು ಅಂಬರ್, ಇನ್ನೂ ಗಾಢ ಬೇಕಾದರೆ ಕ್ರಿಮ್ಸನ್ ಮತ್ತು ನೀಲಿ ಕಲಸಿ ಬಂದ ನೇರಳೆಯನ್ನ ಬ್ರಶ್ ತುದಿಯಲ್ಲಿ ಮುಟ್ಟಿಸಿ. ನೇರಳೆ ಹಳದಿಯ ಎದುರು ಬಣ್ಣ, ಅದರ ಜೋರನ್ನ ಇಳಿಸುತ್ತದೆ. ತೀರಾ ಕಪ್ಪೇ ಬೇಕು ಅನ್ನುವ ಜಾಗಕ್ಕೆ ಅಲ್ಟ್ರಾಮರೀನ್ ಜೊತೆ ಬರ್ನ್ಟ್ ಅಂಬರ್ ಸೇರಿಸಿ, ಟ್ಯೂಬಿನ ಕಪ್ಪಿಗಿಂತ ಜೀವ ಇರುತ್ತದೆ.

ಇನ್ನೊಂದು ವಿಷಯ. ಬಾಳೆಹಣ್ಣು ಹಳದಿ ಅಂತ ನಿಮಗೆ ಗೊತ್ತಿದೆ, ಅದಕ್ಕೇ ಹಳದಿ ಹಚ್ಚುತ್ತೀರಿ. ಒಂದು ಕಾಗದಕ್ಕೆ ಬಟಾಣಿ ಗಾತ್ರದ ತೂತು ಮಾಡಿ, ಆ ತೂತಿನಿಂದ ಬಾಳೆಯ ಒಂದೊಂದೇ ಜಾಗ ನೋಡಿ. ತೊಟ್ಟಿನ ಹತ್ತಿರ ತಿಳಿ ಹಸಿರು, ಕಿಟಕಿ ಕಡೆ ಹೆಚ್ಚು ಕಡಿಮೆ ಬಿಳಿ, ಅಡಿಯಲ್ಲಿ ಮೇಜಿನ ಕಂದು, ಪಕ್ಕದಲ್ಲಿ ನೀಲಿ ಬಟ್ಟೆ ಇದ್ದರೆ ಅದರ ಛಾಯೆ. ಒಬ್ಬ ಹುಡುಗ ಹೀಗೆ ನೋಡಿ "ಆಂಟಿ, ಇದರಲ್ಲಿ ಹಳದಿ ಒಂದು ಕಡೆ ಮಾತ್ರ ಇದೆ" ಅಂದ. ಅವನಿಗೆ ಆವತ್ತು ನಾನು ಬೇರೇನೂ ಹೇಳಿಕೊಡಲಿಲ್ಲ.

ದ್ರಾಕ್ಷಿ, ದಾಳಿಂಬೆ, ಅನಾನಸ್?

ದ್ರಾಕ್ಷಿಯನ್ನ ತೊಳೆಯಬೇಡಿ. ಬೆಂಗಳೂರು ಬ್ಲೂ ದ್ರಾಕ್ಷಿಯ ಮೇಲೆ ಬೂದಿಯ ಹಾಗೆ ಒಂದು ಪುಡಿ ಇರುತ್ತದೆ, ಅದೇ ಅದರ ಚೆಂದ. ಇಡೀ ಗೊಂಚಲನ್ನ ಒಂದೇ ಗಾಢ ಆಕಾರವಾಗಿ ಬಳಿದು, ಮುಂದಿರುವ ಏಳೆಂಟು ಹಣ್ಣುಗಳನ್ನ ಮಾತ್ರ ಮೇಲೆತ್ತಿ. ದಾಳಿಂಬೆಯನ್ನ ಬಿಡಿಸಿಟ್ಟರೆ ಅದೇ ಉಪಾಯ, ಕಾಳು ಎಣಿಸಲು ಹೋಗಬೇಡಿ. ಅನಾನಸ್ಸಿನ ಕಣ್ಣುಗಳು ಓರೆ ಸಾಲಿನಲ್ಲಿ ಸುತ್ತಿಕೊಂಡು ಹೋಗುತ್ತವೆ, ಸಾಮಾನ್ಯವಾಗಿ ಒಂದು ಕಡೆಗೆ 8, ಇನ್ನೊಂದು ಕಡೆಗೆ 13. ಆ ಓರೆ ಗೆರೆಗಳನ್ನ ಮೊದಲು ಹಾಕಿದರೆ ಉಳಿದದ್ದು ತಾನಾಗಿ ಕೂರುತ್ತದೆ. ಆದರೂ ಮೊದಲ ವರ್ಷ ಅನಾನಸ್ ಮುಟ್ಟಬೇಡಿ ಅಂತಲೇ ನನ್ನ ಸಲಹೆ.

ಫೋಟೋ ತೆಗೆದು ಅದನ್ನ ನೋಡಿ ಬಿಡಿಸಬಹುದಾ?

ಬಿಡಿಸಬಹುದು, ಯಾರೂ ಪೊಲೀಸರಿಗೆ ಹೇಳಲ್ಲ. ಆದರೆ ಫೋನು ನೆರಳನ್ನ ಕಪ್ಪು ಗುಂಡಿ ಮಾಡಿಬಿಡುತ್ತದೆ ಅಥವಾ ತಾನೇ ತಿಳಿ ಮಾಡಿ ಚಪ್ಪಟೆಯಾಗಿಸುತ್ತದೆ. ಹತ್ತಿರದಿಂದ ತೆಗೆದರೆ ಮುಂದಿನ ಹಣ್ಣು ಕುಂಬಳಕಾಯಿ ಗಾತ್ರ. ಬೆಳಕು ನೆರಳು ಸರಿಯಿದೆಯಾ ಅಂತ ಪರೀಕ್ಷೆ ಮಾಡಲು ಮಾತ್ರ ನಾನು ಫೋನ್ ಬಳಸುತ್ತೇನೆ. ಮೇಜನ್ನೂ ಚಿತ್ರವನ್ನೂ ಕಪ್ಪು ಬಿಳುಪಿನಲ್ಲಿ ತೆಗೆದು ಪಕ್ಕ ಪಕ್ಕ ಇಟ್ಟು ನೋಡುವುದು.

ಮುಗಿಸೋದರೊಳಗೆ ಹಣ್ಣು ಕೊಳೆತು ಹೋದ್ರೆ?

ಕೊಳೆಯುತ್ತದೆ. ಬಾಳೆ ಎರಡು ಮೂರು ದಿನಕ್ಕೆ ಚುಕ್ಕೆ ಚುಕ್ಕೆ. ಮೇಲಾಗಿ ಅದು ಎಥಿಲೀನ್ ಅನಿಲ ಬಿಡುವುದರಿಂದ ಪಕ್ಕದ ಮಾವು ಸೀಬೆಯನ್ನೂ ಬೇಗ ಹಣ್ಣು ಮಾಡುತ್ತದೆ. ಬಿಡಿಸದ ಹೊತ್ತಿನಲ್ಲಿ ಬಾಳೆಯನ್ನ ಬೇರೆ ಕೋಣೆಯಲ್ಲಿಡಿ. ಚಾಕ್ ಗುರುತು ಇದೆಯಲ್ಲ, ಮತ್ತೆ ಅಲ್ಲೇ ಇಡಬಹುದು. ಇರುವೆಗೆ ಅಜ್ಜಿ ಕಾಲದ ಉಪಾಯವೇ ಸರಿ, ಮೇಜಿನ ಕಾಲುಗಳನ್ನ ನೀರು ತುಂಬಿದ ಬಟ್ಟಲಲ್ಲಿಡಿ. ಹೆಚ್ಚಿದ ಸೇಬು ಕಂದಾಗುವುದಕ್ಕೆ ಮೊದಲು ಅದನ್ನೇ ಬಿಡಿಸಿ ಮುಗಿಸಿ, ನಿಂಬೆರಸ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ.

ಸೆಜಾನ್ ತೀರಾ ನಿಧಾನ. ಆಂಬ್ರೋಸ್ ವೊಲಾರ್ ಅನ್ನುವ ಚಿತ್ರ ವ್ಯಾಪಾರಿ ತನ್ನ ಒಂದು ಚಿತ್ರಕ್ಕೆ ಅವರ ಮುಂದೆ 115 ಸಲ ಕೂತೆ ಅಂತ ಬರೆದುಕೊಂಡಿದ್ದಾನೆ. ಒಮ್ಮೆ ತೂಕಡಿಸಿ ಬಿದ್ದಾಗ ಸೇಬು ಎಲ್ಲಾದರೂ ಅಲುಗಾಡುತ್ತದಾ ಅಂತ ಬೈಸಿಕೊಂಡನಂತೆ. ಅಷ್ಟು ದಿನ ಮೇಜಿನ ಮೇಲಿದ್ದ ಹಣ್ಣಿನ ಗತಿ ನೀವೇ ಊಹಿಸಿ. ಇಟಲಿಯ ಚಿತ್ರಕಾರ ಕರವಾಜಿಯೋ ಬೇರೆ ದಾರಿ ಹಿಡಿದ. ಅವನು ಸುಮಾರು 1599ರಲ್ಲಿ ಬಿಡಿಸಿದ ಹಣ್ಣಿನ ಬುಟ್ಟಿಯ ಚಿತ್ರ ಈಗ ಮಿಲಾನಿನಲ್ಲಿದೆ. ಅದರಲ್ಲಿ ಸೇಬಿಗೆ ಹುಳದ ತೂತಿದೆ, ಎಲೆಗಳು ಒಣಗಿ ಮುದುಡಿವೆ, ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಹಾಗಾಗಿ ನಿಮ್ಮ ಬಾಳೆಗೆ ಚುಕ್ಕೆ ಬಂದರೆ ಚುಕ್ಕೆಯನ್ನೂ ಬಿಡಿಸಿ. ಚುಕ್ಕೆ ಬಂದ ಬಾಳೆಯೇ ನೋಡೋಕೆ ಚೆಂದ ಅಂತ ನನ್ನ ಅಭಿಪ್ರಾಯ, ಮನೆಯಲ್ಲಿ ಯಾರೂ ಒಪ್ಪಲ್ಲ.

ಕೆಳಗೆ ಹಾಸುವ ಬಿಳಿ ಬಟ್ಟೆ?

ಬಿಳಿ ಬಣ್ಣವನ್ನ ಹಾಗೇ ಹಚ್ಚಬೇಡಿ. ಬೆಳಕಿನಲ್ಲಿ ಚೂರು ಓಕರ್, ಮಡಿಕೆಯ ನೆರಳಿನಲ್ಲಿ ನೀಲಿ ಬೂದು. ಇಸ್ತ್ರಿ ಹಾಕದ ಟವೆಲ್ ಒಳ್ಳೆಯದು.

ವಾರ್ನಿಶ್ ಯಾವಾಗ?

ಅಕ್ರಿಲಿಕ್ ಆದರೆ ಪೂರ್ತಿ ಒಣಗಿ ಕೆಲವು ದಿನ ಬಿಟ್ಟು. ಆಯಿಲ್ ಆದರೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು, ಬಣ್ಣ ದಪ್ಪ ಇದ್ದರೆ ಇನ್ನೂ ಜಾಸ್ತಿ.

ಬಿಡಿಸಿ ಆದ ಮೇಲೆ ಆ ಹಣ್ಣು ತಿನ್ನಬಹುದಾ?

ಬಣ್ಣ ತಾಗಿರದಿದ್ದರೆ ಧಾರಾಳವಾಗಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ, ಹಾಗಾಗಿ ಬಣ್ಣದ ಕೈಯಲ್ಲಿ ಹಣ್ಣು ಮುಟ್ಟಬೇಡಿ, ಬ್ರಶ್ ತುದಿಯನ್ನ ಬಾಯಲ್ಲಿ ಚೂಪು ಮಾಡಬೇಡಿ, ಬ್ರಶ್ ತೊಳೆಯುವ ಲೋಟದ ಪಕ್ಕ ಕಾಫಿ ಲೋಟ ಇಡಬೇಡಿ. ಈ ಕೊನೇದನ್ನ ನಾನು ಎರಡು ಸಲ ಅನುಭವಿಸಿದ್ದೇನೆ. ಸಿಪ್ಪೆ ಚೆನ್ನಾಗಿ ತೊಳೆದು ತಿನ್ನಿ. ನಮ್ಮ ಮನೆಯಲ್ಲಿ ಮಾವಿಟ್ಟ ಭಾನುವಾರ ಹನ್ನೆರಡು ಗಂಟೆ ಆಯಿತು ಅಂದರೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿರುತ್ತಾರೆ. "ಮುಗೀತೇನಮ್ಮಾ? ಸೀಕರಣೆಗೆ ಹೊತ್ತಾಯ್ತು." ಇನ್ನೊಂದು ಹತ್ತು ನಿಮಿಷ ಅತ್ತೆ ಅಂತೀನಿ, ಹಿಂದಿನ ಮಾವಿನ ನೆರಳು ಇನ್ನೂ ಹಾಕಿರಲ್ಲ, ಅವರು ಮುಂದಿನದನ್ನ ಆಗಲೇ ಎತ್ತಿಕೊಂಡಿರುತ್ತಾರೆ.